ತೋಳಿನ ಅಳತೆ ಯಾರ ಕೆಲಸ?

1921ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಅಚ್ಚಾಯಿತು. ಬರೆದವರು ವಿಲಿಯಂ ಸ್ಟುವರ್ಟ್ ಹಾಲ್‌ಸ್ಟೆಡ್. ಸ್ತನ ಕ್ಯಾನ್ಸರಿಗೆ ಆಪರೇಷನ್ ಆದ ಮೇಲೆ ಹೆಂಗಸರ ಕೈ ಬಾತುಕೊಳ್ಳುವುದು ಏಕೆ, ಅದನ್ನು ತಡೆಯುವುದು ಹೇಗೆ ಎಂಬುದು ಪ್ರಬಂಧದ ವಿಷಯ. ಆ ಬಾವಿಗೆ ಅವರು 'ಎಲಿಫೆಂಟಿಯಾಸಿಸ್ ಕಿರುರ್ಜಿಕಾ' ಎಂದು ಹೆಸರಿಟ್ಟರು. ಶಸ್ತ್ರಚಿಕಿತ್ಸೆಯಿಂದ ಬಂದ ಆನೆಕೈ ಎಂದು ಅದರ ಅರ್ಥ. ಗಾಯಕ್ಕೆ ತಗಲುವ ಸೋಂಕೇ ಮೂಲ ಎಂದು ವಾದಿಸಿದರು. ಮರುವರ್ಷ ತೀರಿಕೊಂಡರು.

ಆ ಆಪರೇಷನ್ನನ್ನು ಜಗತ್ತಿಗೆ ಕಲಿಸಿದವರೂ ಅವರೇ. 1894ರಲ್ಲಿ 50 ರೋಗಿಗಳ ಫಲಿತಾಂಶವನ್ನು ಅವರು ಪ್ರಕಟಿಸಿದ್ದರು. ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳಿನ ದುಗ್ಧಗ್ರಂಥಿಗಳು, ಎಲ್ಲವನ್ನೂ ಒಂದೇ ಗಂಟಾಗಿ ಕತ್ತರಿಸಿ ತೆಗೆಯುವ ವಿಧಾನ ಅದು. ಆ 50 ಮಂದಿಯಲ್ಲಿ ಅದೇ ಜಾಗದಲ್ಲಿ ಗಡ್ಡೆ ಮರಳಿದ್ದು ಮೂವರಿಗೆ ಮಾತ್ರ. ಆ ಕಾಲಕ್ಕೆ ಅದು ನಂಬಲಾಗದ ಯಶಸ್ಸು. ಮುಂದಿನ ಮುಕ್ಕಾಲು ಶತಮಾನ ಅಮೆರಿಕದ ಸರ್ಜನ್ನರು ಅದೇ ದಾರಿ ಹಿಡಿದರು. ಬಾತ ಕೈ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಜೀವ ಉಳಿದಿದೆಯಲ್ಲ, ಕೈ ಒಂದಿಷ್ಟು ದಪ್ಪವಾದರೇನು ಎಂಬ ಮಾತಿನಲ್ಲಿ ಅದು ಮುಗಿದುಹೋಗುತ್ತಿತ್ತು. ಬಾವು ಬರುವ ಮೊದಲೇ ಕೈಯನ್ನು ಅಳೆದು ಬರೆದಿಡಬೇಕು, ಮತ್ತೆ ಮತ್ತೆ ಅಳೆಯಬೇಕು ಎಂಬ ಯೋಚನೆ ಆಸ್ಪತ್ರೆಯ ದಿನಚರಿಗೆ ಕಾಲಿಡಲು ಹಾಲ್‌ಸ್ಟೆಡ್ ಪ್ರಬಂಧದಿಂದ ಇನ್ನೂ ಸುಮಾರು ಎಂಬತ್ತು ವರ್ಷ ಹಿಡಿಯಿತು. ಬಹಳಷ್ಟು ಕಡೆ ಅದು ಇಂದಿಗೂ ದಿನಚರಿಯಾಗಿಲ್ಲ. ಬೇಕಾದ ಸಾಧನವಾದರೋ ದರ್ಜಿಯ ಟೇಪು. ಇಷ್ಟು ಸಣ್ಣ ಕೆಲಸ ಇಷ್ಟು ಕಾಲ ಏಕೆ ಆಗದೆ ಉಳಿಯಿತು ಎಂದು ಕೇಳಿದರೆ, ಸ್ತನ ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸದ ಬದಿಗೆ ಸರಿದ ಒಂದು ಭಾಗ ತೆರೆದುಕೊಳ್ಳುತ್ತದೆ.

ದೇಹದಲ್ಲಿ ರಕ್ತದ ಜೊತೆಗೆ ಇನ್ನೊಂದು ಹರಿವಿದೆ ಎಂಬುದೇ ವೈದ್ಯರಿಗೆ ತಡವಾಗಿ ತಿಳಿಯಿತು. 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ, ಆಗತಾನೆ ಹೊಟ್ಟೆ ತುಂಬ ತಿಂದಿದ್ದ ನಾಯಿಯನ್ನು ಸೀಳಿದಾಗ ಕರುಳಿನ ಪೊರೆಯ ಮೇಲೆ ಹಾಲಿನ ಬಣ್ಣದ ಎಳೆಗಳನ್ನು ಕಂಡ. 1650ರ ದಶಕದಲ್ಲಿ ಡೆನ್ಮಾರ್ಕಿನ ಥಾಮಸ್ ಬಾರ್ಥೊಲಿನ್ ಮತ್ತು ಸ್ವೀಡನ್ನಿನ ಓಲಾಫ್ ರುಡ್‌ಬೆಕ್ ಈ ನಾಳಗಳು ಮೈಯೆಲ್ಲ ಹರಡಿರುವುದನ್ನು ತೋರಿಸಿ, ಮೊದಲು ಕಂಡವರು ಯಾರೆಂದು ಜಗಳವಾಡಿದರು. ರಕ್ತನಾಳಗಳಿಂದ ಸೋರಿದ ದ್ರವವನ್ನೂ ಪ್ರೋಟೀನನ್ನೂ ಎತ್ತಿಕೊಂಡು ಮರಳಿ ರಕ್ತಕ್ಕೆ ಸೇರಿಸುವುದು ಈ ದುಗ್ಧನಾಳಗಳ ಕೆಲಸ. ಕೈಯ ದುಗ್ಧರಸದ ಬಹುಪಾಲು ಕಂಕುಳಿನ ಇಪ್ಪತ್ತು ಮೂವತ್ತು ಗ್ರಂಥಿಗಳ ಮೂಲಕ ಹಾಯಬೇಕು. ಅವನ್ನು ತೆಗೆದರೆ, ಅಥವಾ ವಿಕಿರಣದಿಂದ ಅವು ಗಟ್ಟಿಯಾದರೆ, ಗದ್ದೆಯ ಬಸಿಗಾಲುವೆ ಮುಚ್ಚಿಹೋದಂತೆ ನೀರು ಹಿಂದೆ ನಿಲ್ಲುತ್ತದೆ. ಹಾಗೆ ಬರುವ ಬಾವಿಗೆ ವೈದ್ಯರ ಹೆಸರು ಲಿಂಫಿಡೀಮಾ.

ಮೊದಮೊದಲು ನಿಲ್ಲುವುದು ನೀರು ಮಾತ್ರ. ಕೈ ಮೇಲೆತ್ತಿ ಮಲಗಿದರೆ ಬೆಳಗಾಗುವ ಹೊತ್ತಿಗೆ ಇಳಿಯುತ್ತದೆ. ತಿಂಗಳುಗಳು ಕಳೆದಂತೆ ಚರ್ಮದಡಿ ನಾರು ಬೆಳೆಯುತ್ತದೆ, ಕೊಬ್ಬು ಸೇರುತ್ತದೆ, ಚರ್ಮ ಒರಟಾಗುತ್ತದೆ. ಸ್ವೀಡನ್ನಿನ ಮಾಲ್ಮೋದಲ್ಲಿ ಹಾಕನ್ ಬ್ರೋರ್ಸನ್ 1980ರ ದಶಕದ ಕೊನೆಯಿಂದ ಇಂಥ ಹಳೆಯ ಬಾವುಗಳಿಗೆ ಲೈಪೊಸಕ್ಷನ್ ಮಾಡತೊಡಗಿದಾಗ ಹೊರಬಂದದ್ದರಲ್ಲಿ ಹೆಚ್ಚಿನ ಪಾಲು ಕೊಬ್ಬೇ. ಹಾಗಾದ ಕೈ ಪಟ್ಟಿ ಸುತ್ತಿದರೂ ತಿಕ್ಕಿದರೂ ಮೊದಲಿನಂತಾಗುವುದಿಲ್ಲ. ಒಂದು ಮುಳ್ಳು ಚುಚ್ಚಿದರೆ, ಬೆರಳ ಸಂದಿಯಲ್ಲಿ ಚರ್ಮ ಬಿರಿದರೆ, ಚಳಿಜ್ವರದೊಂದಿಗೆ ಸೆಲ್ಯುಲೈಟಿಸ್ ಎಂಬ ಚರ್ಮದ ಸೋಂಕು ಏರುತ್ತದೆ. ಪ್ರತಿ ಸಲವೂ ಉಳಿದಿರುವ ನಾಳಗಳಲ್ಲಿ ಇನ್ನಷ್ಟು ಹಾಳಾಗುತ್ತವೆ. ತಪಾಸಣೆ ಬೇಕು ಎನ್ನುವವರ ವಾದವೆಲ್ಲ ನಿಂತಿರುವುದು ನೀರು ನಿಲ್ಲುವ ಮತ್ತು ಕೊಬ್ಬು ಸೇರುವ ಈ ಎರಡು ಹಂತಗಳ ನಡುವಿನ ಅವಧಿಯ ಮೇಲೆ.

ಶಸ್ತ್ರಚಿಕಿತ್ಸಕರು ಮೊದಲು ಹುಡುಕಿದ್ದು ಇನ್ನೊಂದು ಶಸ್ತ್ರಚಿಕಿತ್ಸೆಯನ್ನು. 1908ರಲ್ಲಿ ಲಂಡನ್ನಿನ ಸ್ಯಾಂಪ್ಸನ್ ಹ್ಯಾಂಡ್ಲಿ ಬಾತ ಕೈಯ ಚರ್ಮದಡಿ ಉದ್ದಕ್ಕೂ ರೇಷ್ಮೆ ದಾರಗಳನ್ನು ಹೂತರು. ದಾರದ ಗುಂಟ ದ್ರವ ಭುಜ ದಾಟಿ ಹರಿದೀತು ಎಂಬ ನಿರೀಕ್ಷೆ. ಮೊದಲ ವರದಿಗಳು ಆಸೆ ಹುಟ್ಟಿಸಿದವು, ಫಲ ಉಳಿಯಲಿಲ್ಲ. 1948ರಲ್ಲಿ ನ್ಯೂಯಾರ್ಕಿನ ಫ್ರೆಡ್ ಸ್ಟುವರ್ಟ್ ಮತ್ತು ನಾರ್ಮನ್ ಟ್ರೀವ್ಸ್, ವರ್ಷಗಟ್ಟಲೆ ಬಾತುಕೊಂಡೇ ಇದ್ದ ಕೈಗಳಲ್ಲಿ ಹುಟ್ಟಿದ ಅಪರೂಪದ ಮಾರಕ ಗಡ್ಡೆಯ ಆರು ಪ್ರಕರಣಗಳನ್ನು ವರದಿ ಮಾಡಿದರು. ಕೈಯ ಬಾವು ಬರೀ ಅಂದಗೆಡಿಸುವ ತೊಂದರೆ ಎನ್ನುವವರಿಗೆ ಅದು ಸಾಕಷ್ಟು ಉತ್ತರವಾಗಬೇಕಿತ್ತು.

ಕೈಗೆ ನಿಜವಾಗಿ ಉಪಯೋಗಕ್ಕೆ ಬಂದ ಚಿಕಿತ್ಸೆ ಬೇರೆ ಬಾಗಿಲಿನಿಂದ ಬಂತು. ಅಲೆಕ್ಸಾಂಡರ್ ಫಾನ್ ವಿನಿವಾರ್ಟರ್ ಎಂಬ ಸರ್ಜನ್ 1892ರಲ್ಲೇ ಒತ್ತುಪಟ್ಟಿ, ಮಾಲಿಶು, ವ್ಯಾಯಾಮ ಮೂರನ್ನೂ ಸೇರಿಸಿದ ಕ್ರಮವನ್ನು ಬರೆದಿಟ್ಟಿದ್ದ. ಅದನ್ನು ಹೆಚ್ಚು ಮಂದಿ ಓದಲಿಲ್ಲ. 1930ರ ದಶಕದಲ್ಲಿ ಫ್ರಾನ್ಸಿನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕಿನ ದಂಪತಿ, ಎಮಿಲ್ ಮತ್ತು ಎಸ್ಟ್ರಿಡ್ ವೊಡ್ಡರ್, ಚರ್ಮವನ್ನು ತೀರ ಹಗುರವಾಗಿ ಜರುಗಿಸುತ್ತ ದುಗ್ಧರಸವನ್ನು ಸಾಗಿಸುವ ಮಾಲಿಶನ್ನು ರೂಪಿಸಿದರು. ಅವರು ಡಾಕ್ಟರುಗಳಲ್ಲ. ಆಮೇಲೆ ಜರ್ಮನಿಯ ಮಿಖಾಯೆಲ್ ಮತ್ತು ಎಥೆಲ್ ಫೆಲ್ಡಿ ದಂಪತಿ ಮಾಲಿಶು, ಪದರಪದರದ ಪಟ್ಟಿ, ಚರ್ಮದ ಆರೈಕೆ, ವ್ಯಾಯಾಮಗಳನ್ನು ಒಂದೇ ಚಿಕಿತ್ಸಾಕ್ರಮವಾಗಿ ಹೊಂದಿಸಿ, ಅದಕ್ಕೆಂದೇ ಆಸ್ಪತ್ರೆ ನಡೆಸಿದರು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಜಾನ್ ಮತ್ತು ಜೂಡಿತ್ ಕ್ಯಾಸ್ಲಿ-ಸ್ಮಿತ್ ಅದನ್ನು ಹರಡಿದರು. ಹೀಗೆ ಗಡ್ಡೆಯ ವಿದ್ಯೆ ಸರ್ಜನ್ನರ ಬಳಿ, ತೋಳಿನ ವಿದ್ಯೆ ಮಾಲಿಶಿನವರ ಮತ್ತು ಫಿಸಿಯೋಥೆರಪಿಸ್ಟರ ಬಳಿ ಬೆಳೆಯಿತು. ಇಬ್ಬರೂ ಒಂದೇ ಕೋಣೆಯಲ್ಲಿ ಕೂರುವ ಸಂದರ್ಭ ಬಹುತೇಕ ಇರಲೇ ಇಲ್ಲ. ಮುಂದಿನ ತೊಡಕುಗಳ ಬೇರು ಇಲ್ಲಿದೆ.

ಹಾಲ್‌ಸ್ಟೆಡ್ ಹಾಕಿದ ದಾರಿ ಸಡಿಲಗೊಂಡದ್ದು ಎರಡು ಕಡೆಯಿಂದ. ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಶರ್ 1971ರಲ್ಲಿ ಆರಂಭಿಸಿದ ಪ್ರಯೋಗ, ಸ್ನಾಯುವನ್ನೆಲ್ಲ ಕತ್ತರಿಸಿದರೂ ಆಯುಷ್ಯ ಹೆಚ್ಚುವುದಿಲ್ಲ ಎಂದು ತೋರಿಸಿತು. ಇನ್ನೊಂದು ಕಡೆ ರೋಗಿಗಳೇ ಮಾತಾಡತೊಡಗಿದರು. 1974ರಲ್ಲಿ ತನ್ನ ಸ್ತನದಲ್ಲಿ ಗಡ್ಡೆ ಕಂಡ ಪತ್ರಕರ್ತೆ ರೋಸ್ ಕುಶ್ನರ್, ಅರಿವಳಿಕೆಯಲ್ಲಿ ಮಲಗಿಸಿದ ಹೆಂಗಸನ್ನು ಕೇಳದೆಯೇ ಪರೀಕ್ಷೆಯಿಂದ ನೇರ ಸ್ತನಛೇದನಕ್ಕೆ ಹೋಗುವ ಪದ್ಧತಿಯ ವಿರುದ್ಧ ಬರೆದಳು, ಸಭೆಗಳಲ್ಲಿ ಎದ್ದು ನಿಂತಳು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿ ಹಾಲ್‌ಸ್ಟೆಡ್ ವಿಧಾನವನ್ನು ಮಾಮೂಲಿ ಚಿಕಿತ್ಸೆಯ ಸ್ಥಾನದಿಂದ ಇಳಿಸಿದಾಗ ಆ ಸಮಿತಿಯಲ್ಲಿ ಆಕೆಯೂ ಇದ್ದಳು.

ಸ್ತನ ಉಳಿಯಿತು, ಎದೆಯ ಸ್ನಾಯು ಉಳಿಯಿತು. ಕಂಕುಳು ಉಳಿಯಲಿಲ್ಲ. ಕ್ಯಾನ್ಸರ್ ಎಷ್ಟು ಹರಡಿದೆ ಎಂದು ತಿಳಿಯಲು ಗ್ರಂಥಿಗಳನ್ನು ಎಣಿಸಬೇಕಿತ್ತು, ಎಣಿಸಬೇಕಾದರೆ ತೆಗೆಯಬೇಕಿತ್ತು. ಚಿಕಿತ್ಸೆ ಸುಧಾರಿಸಿ ಹೆಂಗಸರು ಇಪ್ಪತ್ತು ಮೂವತ್ತು ವರ್ಷ ಬದುಕತೊಡಗಿದಾಗ ಕೈಯ ಲೆಕ್ಕ ಹೊರಬಂತು. ನ್ಯೂಯಾರ್ಕಿನ ಜೀನ್ ಪೆಟ್ರೆಕ್ ಮತ್ತು ಸಂಗಡಿಗರು 2001ರಲ್ಲಿ, ಚಿಕಿತ್ಸೆ ಮುಗಿದು 20 ವರ್ಷ ಕಳೆದಿದ್ದ 263 ಮಹಿಳೆಯರ ಸ್ಥಿತಿಯನ್ನು ಪ್ರಕಟಿಸಿದರು. 49 ಶೇಕಡಾ ಮಂದಿಗೆ ಕೈ ಊದಿದ ಅನುಭವವಾಗಿತ್ತು. ಅವರಲ್ಲಿ 77 ಶೇಕಡಾ ಮಂದಿಗೆ ಅದು ಕಾಣಿಸಿಕೊಂಡದ್ದು ಮೊದಲ ಮೂರು ವರ್ಷಗಳೊಳಗೆ. ಉಳಿದವರಿಗೆ ಆಮೇಲಿನ ವರ್ಷಗಳಲ್ಲಿ ಒಬ್ಬೊಬ್ಬರಿಗಾಗಿ ಬರುತ್ತಲೇ ಇತ್ತು. ಯಾವ ವರ್ಷಗಳಲ್ಲಿ ಕಾವಲಿರಬೇಕು ಎಂಬುದನ್ನು ಈ ಅಂಕಿಗಳು ಸ್ಪಷ್ಟವಾಗಿ ಹೇಳುತ್ತಿದ್ದವು.

ಆದರೆ ಯಾವುದನ್ನು ಬಾವು ಎನ್ನಬೇಕು? ಟೇಪಿನಲ್ಲಿ ಎರಡು ಕೈಗಳ ಸುತ್ತಳತೆಗೆ 2 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಬಾವು ಎಂದು ಕೆಲವರು. ಕೈಯನ್ನು ನೀರು ತುಂಬಿದ ಕೊಳವೆಯಲ್ಲಿ ಮುಳುಗಿಸಿ, ಚೆಲ್ಲಿದ ನೀರಿನ ವ್ಯತ್ಯಾಸ 200 ಮಿಲಿಲೀಟರ್ ಆದರೆ ಎಂದು ಇನ್ನು ಕೆಲವರು. ಗಾತ್ರ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಎಂದು ಮತ್ತೆ ಕೆಲವರು. ಭಾರ, ಬಿಗಿತ ಎಂದು ಆಕೆಯೇ ಹೇಳಿದರೆ ಸಾಕು ಎನ್ನುವವರೂ ಇದ್ದರು. ಮಿಸೌರಿ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಾಧ್ಯಾಪಕಿ ಜೇನ್ ಆರ್ಮರ್ 2005ರಲ್ಲಿ ಈ ನಾಲ್ಕೂ ಗೆರೆಗಳನ್ನು ಅದೇ ಮಹಿಳೆಯರ ಮೇಲೆ ಇಟ್ಟು ನೋಡಿದರು. ಆಪರೇಷನ್ ಆಗಿ 12 ತಿಂಗಳಿಗೆ ಒಂದು ಗೆರೆಯ ಪ್ರಕಾರ 21 ಶೇಕಡಾ ಮಂದಿಗೆ ಲಿಂಫಿಡೀಮಾ, ಇನ್ನೊಂದರ ಪ್ರಕಾರ 70 ಶೇಕಡಾ ಮಂದಿಗೆ. ಕೈಗಳು ಅವೇ. ಇಷ್ಟು ಅಂತರವಿರುವ ರೋಗಕ್ಕೆ ಯಾವ ಆಸ್ಪತ್ರೆಯ ಆಡಳಿತ ಸಿಬ್ಬಂದಿ ಕೊಡುತ್ತದೆ, ಯಾವ ವಿಮಾ ಕಂಪನಿ ಹಣ ಕೊಡುತ್ತದೆ?

ಇನ್ನೊಂದು ತೊಡಕಿತ್ತು. ಬಲಗೈ ಬಳಸುವವರಿಗೆ ಬಲಗೈ ಸಾಮಾನ್ಯವಾಗಿ ತುಸು ದಪ್ಪ. ಎಡಬದಿಗೆ ಆಪರೇಷನ್ ಆದವಳ ಎಡಗೈ ಊದಿ ಬಲಗೈಯ ಸಮಕ್ಕೆ ಬಂದರೂ ಡಾಕ್ಟರ ಕಣ್ಣಿಗೆ ಎರಡೂ ಸರಿಯಾಗಿಯೇ ಕಾಣುತ್ತವೆ. ಕೀಮೋ ಹೊತ್ತಿನಲ್ಲಿ ಮೈತೂಕ ಹೆಚ್ಚುತ್ತದೆ. ಟ್ಯಾಕ್ಸೇನ್ ಗುಂಪಿನ ಔಷಧಿಗಳು ಮೈಯಲ್ಲಿ ನೀರು ನಿಲ್ಲಿಸುತ್ತವೆ. ಇದೆಲ್ಲದರ ನಡುವೆ ನಿಜವಾದ ಬಾವು ಯಾವುದು ಎಂದು ಹೇಳಲು, ಆಪರೇಷನ್‌ಗೆ ಮೊದಲು ಎರಡೂ ಕೈಗಳ ಅಳತೆ ಬರೆದಿಟ್ಟಿರಬೇಕು. ಈ ಮೊದಲ ಅಳತೆಯೇ ಈ ಇತಿಹಾಸದ ನಿಜವಾದ ಆವಿಷ್ಕಾರ. ಅತಿಗೆಂಪು ಕಿರಣದ ಚೌಕಟ್ಟಿನಿಂದ ಕೈಯ ಗಾತ್ರ ಅಳೆಯುವ ಜರ್ಮನ್ ಪೆರೋಮೀಟರ್ ಬಂದದ್ದು, ಸಣ್ಣ ವಿದ್ಯುತ್ ಹರಿಸಿ ಕೈಯೊಳಗಿನ ದ್ರವವನ್ನು ಅಂದಾಜು ಮಾಡುವ ವಿಧಾನ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನಲ್ಲಿ ಬೆಳೆದದ್ದು ದೊಡ್ಡ ಸಂಗತಿಗಳೇ. ಆದರೂ ಹಿಂದಿನ ಅಳತೆ ಇಲ್ಲದಿದ್ದರೆ ಆ ಯಂತ್ರಗಳೂ ಅರ್ಧ ಕುರುಡು.

ಮೊದಲ ಅಳತೆಯನ್ನು ಕಡ್ಡಾಯ ಮಾಡಿ ನೋಡಿದ ಪ್ರಸಿದ್ಧ ಉದಾಹರಣೆ, ವಾಷಿಂಗ್ಟನ್ ಸಮೀಪದ ಬೆಥೆಸ್ಡಾದಲ್ಲಿದ್ದ ಅಮೆರಿಕದ ನೌಕಾಪಡೆಯ ಆಸ್ಪತ್ರೆ. ನಿಕೋಲ್ ಸ್ಟೌಟ್ ಎಂಬ ಫಿಸಿಯೋಥೆರಪಿಸ್ಟ್ ಮತ್ತು ಅವರ ತಂಡ 196 ಮಹಿಳೆಯರ ಕೈಗಳನ್ನು ಆಪರೇಷನ್‌ಗೆ ಮೊದಲು ಅಳೆದು, ಆಮೇಲೆ ಮೂರು ತಿಂಗಳಿಗೊಮ್ಮೆ ಅಳೆಯುತ್ತ ಹೋದರು. ಗಾತ್ರ ಮೊದಲಿಗಿಂತ 3 ಶೇಕಡಾ ಮೀರಿದೊಡನೆ ಬಿಗಿ ತೋಳುಪಟ್ಟಿ ತೊಡಿಸಿದರು. ಬಾವು ಪತ್ತೆಯಾದದ್ದು 43 ಮಂದಿಯಲ್ಲಿ; ಸರಾಸರಿ ಹೆಚ್ಚಳ 83 ಮಿಲಿಲೀಟರ್, ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು. ಸುಮಾರು ನಾಲ್ಕು ವಾರ ಪಟ್ಟಿ ತೊಟ್ಟ ಮೇಲೆ ಬಾವು ಇಳಿಯಿತು, ತಿಂಗಳುಗಳ ನಂತರ ನೋಡಿದಾಗಲೂ ಇಳಿದೇ ಇತ್ತು. 2008ರಲ್ಲಿ ಈ ವರದಿ ಬಂದಾಗ ಲಿಂಫಿಡೀಮಾ ಜಗತ್ತಿನಲ್ಲಿ ಸಂಚಲನವಾಯಿತು.

ಅದು ಸೈನ್ಯದ ಆಸ್ಪತ್ರೆಯಲ್ಲಿ ಸಾಧ್ಯವಾದದ್ದು ಆಕಸ್ಮಿಕವೇನಲ್ಲ. ಅಲ್ಲಿ ಸ್ತನ ಕ್ಲಿನಿಕ್‌ನಲ್ಲೇ ಫಿಸಿಯೋಥೆರಪಿಸ್ಟ್ ಇದ್ದರು. ಗಡ್ಡೆ ಪತ್ತೆಯಾಗಿ ಆಪರೇಷನ್ ಆಗುವ ಮೊದಲಿನ ಕೆಲವೇ ದಿನಗಳಲ್ಲಿ ಹೆಂಗಸನ್ನು ನೋಡುತ್ತಿದ್ದರು. ಖರ್ಚು ಒಂದೇ ವ್ಯವಸ್ಥೆಯದ್ದು. ಇಂದು ಅಳೆಯುವುದಕ್ಕೆ ಹಣ ಹಾಕಿ ನಾಳೆಯ ದೊಡ್ಡ ಚಿಕಿತ್ಸೆ ತಪ್ಪಿದರೆ ಲಾಭ ಅದೇ ಖಜಾನೆಗೆ. ಹೊರಗಿನ ಅಮೆರಿಕದಲ್ಲಿ ಅಳೆಯುವವರು ಒಬ್ಬರು, ಲಾಭ ಪಡೆಯುವ ವಿಮೆ ಇನ್ನೊಬ್ಬರದು. ಸ್ಟೌಟ್ ತಂಡವೇ 2012ರಲ್ಲಿ ಲೆಕ್ಕ ಹಾಕಿತು: ಕಾವಲಿಟ್ಟು ಬೇಗ ಹಿಡಿದರೆ ರೋಗಿಯೊಬ್ಬರಿಗೆ ವರ್ಷಕ್ಕೆ ಸುಮಾರು 636 ಡಾಲರ್, ಬಾವು ಬೆಳೆದ ಮೇಲೆ ಚಿಕಿತ್ಸೆಗೆ ಹೋದರೆ ಸುಮಾರು 3,125 ಡಾಲರ್. ಇಷ್ಟು ದೊಡ್ಡ ಅಂತರವಿದ್ದೂ ಪದ್ಧತಿ ಬದಲಾಗಲಿಲ್ಲ, ಏಕೆಂದರೆ ಆ ಎರಡು ಮೊತ್ತಗಳನ್ನು ಒಂದೇ ಕಡತದಲ್ಲಿ ನೋಡುವವರು ಯಾರೂ ಇರಲಿಲ್ಲ.

ಕಾನೂನಿನ ಹಾದಿಯೂ ನಿಧಾನವಾದದ್ದೇ. 1998ರ ಅಮೆರಿಕದ ಕಾಯ್ದೆಯೊಂದು, ಸ್ತನಛೇದನದ ನಂತರದ ತೊಂದರೆಗಳಿಗೆ, ಲಿಂಫಿಡೀಮಾಕ್ಕೂ ಸೇರಿ, ಖಾಸಗಿ ವಿಮೆ ಹಣ ಕೊಡಬೇಕು ಎಂದಿತು. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಮಾತ್ರ ತೋಳುಪಟ್ಟಿಗೆ ಹಣ ಕೊಡುತ್ತಿರಲಿಲ್ಲ. ಅದಕ್ಕೊಂದು ಮಸೂದೆ 2010ರಲ್ಲಿ ಮಂಡನೆಯಾಗಿ, ವರ್ಷ ವರ್ಷ ಬಿದ್ದೆದ್ದು, 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದು, 2024ರ ಜನವರಿ 1ರಿಂದ ಜಾರಿಗೆ ಬಂತು. ಒಂದು ಬಿಗಿ ಬಟ್ಟೆಯ ತೋಳಿಗಾಗಿ ಹನ್ನೆರಡು ವರ್ಷ.

ಅಳೆಯುವ ವ್ಯವಸ್ಥೆ ಇಲ್ಲದ ಕಡೆ ಆ ಜಾಗವನ್ನು ತುಂಬಿದ್ದು ನಿಷೇಧಗಳ ಪಟ್ಟಿ. ಆಪರೇಷನ್ ಆದ ಬದಿಯ ಕೈಗೆ ಸೂಜಿ ಚುಚ್ಚಿಸಿಕೊಳ್ಳಬೇಡಿ, ಬಿಪಿ ನೋಡಿಸಬೇಡಿ, ಭಾರ ಎತ್ತಬೇಡಿ, ವಿಮಾನ ಹತ್ತುವಾಗ ಎಚ್ಚರ. ಕಾಗದ ಕೊಡಲು ಆಸ್ಪತ್ರೆಗೆ ಖರ್ಚಿಲ್ಲ. ಹೊಣೆಯೂ ರೋಗಿಯ ಹೆಗಲೇರುತ್ತದೆ: ಬಾವು ಬಂದರೆ ತಾನೇ ಎಲ್ಲೋ ತಪ್ಪಿದೆ ಎಂದು ಆಕೆ ಕೊರಗುತ್ತಾಳೆ. ಈ ಪಟ್ಟಿ ಮಾಡಿದ ಹಾನಿ ಸಣ್ಣದಲ್ಲ. ಮಗುವನ್ನು ಎತ್ತಿಕೊಳ್ಳಲು, ಕೊಡ ಹೊರಲು ಹೆದರಿ ಕೈಯನ್ನು ವರ್ಷಗಟ್ಟಲೆ ಸುಮ್ಮನಿಟ್ಟವರಿದ್ದಾರೆ. ಪೆನ್ಸಿಲ್ವೇನಿಯಾದ ಕ್ಯಾಥರಿನ್ ಶ್ಮಿಟ್ಜ್ ಆ ಹೆದರಿಕೆಯನ್ನು ನೇರವಾಗಿ ಪರೀಕ್ಷೆಗಿಟ್ಟರು. ಬಾವು ಇರುವ 141 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಮೇಲ್ವಿಚಾರಣೆಯಲ್ಲಿ, ಹಂತಹಂತವಾಗಿ ತೂಕ ಎತ್ತಿಸಿದರು. ಬಾವು ಹೆಚ್ಚಲಿಲ್ಲ, ಏಕಾಏಕಿ ಉಲ್ಬಣಿಸುವುದು ಅವರಲ್ಲಿ ಕಡಿಮೆಯೇ ಆಯಿತು. ಫಲಿತಾಂಶ 2009ರಲ್ಲಿ ಬಂತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಕಿರಣ ತಜ್ಞ ಅಲ್ಫಾನ್ಸ್ ತಘಿಯನ್ 2005ರಿಂದ ಪೆರೋಮೀಟರ್‌ನಲ್ಲಿ ಎಲ್ಲರ ಕೈ ಅಳೆಯುವ ಕ್ರಮ ಹಾಕಿದ್ದರು. ಆ ಕಡತಗಳಿಂದ 2016ರಲ್ಲಿ 632 ಮಹಿಳೆಯರ 3,041 ಅಳತೆಗಳನ್ನು ಜೋಡಿಸಿ ನೋಡಿದಾಗ ರಕ್ತ ತೆಗೆಸಿದ್ದಕ್ಕೂ, ಚುಚ್ಚುಮದ್ದಿಗೂ, ವಿಮಾನಯಾನಕ್ಕೂ ಬಾವಿಗೂ ಸಂಬಂಧ ಕಾಣಲಿಲ್ಲ. ಸೆಲ್ಯುಲೈಟಿಸ್‌ಗೂ ಮೈತೂಕಕ್ಕೂ ಸಂಬಂಧ ಕಂಡಿತು. ವರ್ಷಗಟ್ಟಲೆ ಬೇಸರವಿಲ್ಲದೆ ಅಳೆದು ಬರೆದಿಟ್ಟದ್ದರಿಂದಲೇ ಇದನ್ನು ಹೇಳಲು ಸಾಧ್ಯವಾಯಿತು.

ಈ ನಡುವೆ ಆಪರೇಷನ್ನೇ ಬದಲಾಗುತ್ತಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಡೇವಿಡ್ ಕ್ರಾಗ್ ವಿಕಿರಣ ಸೂಸುವ ದ್ರವ್ಯದಿಂದ, ಅರ್ಮಾಂಡೊ ಜೂಲಿಯಾನೊ ನೀಲಿ ಬಣ್ಣದಿಂದ, ಗಡ್ಡೆಯ ರಸ ಮೊದಲು ತಲುಪುವ ಕಾವಲು ಗ್ರಂಥಿಯನ್ನು ಗುರುತಿಸಿ ಅದನ್ನಷ್ಟೇ ತೆಗೆದು ನೋಡುವ ವಿಧಾನವನ್ನು ತೋರಿಸಿದರು. ಅದರಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಮುಟ್ಟಬೇಕಿಲ್ಲ. 2013ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿದಾಗ ಕಂಕುಳು ಪೂರ್ತಿ ತೆಗೆದವರಲ್ಲಿ ಲಿಂಫಿಡೀಮಾ 19.9 ಶೇಕಡಾ, ಕಾವಲು ಗ್ರಂಥಿ ಮಾತ್ರ ತೆಗೆದವರಲ್ಲಿ 5.6 ಶೇಕಡಾ ಎಂದು ಬಂತು. ಯುರೋಪಿನ ಅಮಾರೊಸ್ ಪ್ರಯೋಗ, ಕಾವಲು ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದವರಿಗೂ ಕಂಕುಳನ್ನು ತೆಗೆಯುವ ಬದಲು ವಿಕಿರಣ ಕೊಟ್ಟರೆ ಐದು ವರ್ಷಕ್ಕೆ ಬಾವು 23ರಿಂದ 11 ಶೇಕಡಾಕ್ಕೆ ಇಳಿಯುತ್ತದೆ ಎಂದು 2014ರಲ್ಲಿ ತೋರಿಸಿತು. 2023ರಲ್ಲಿ ಇಟಲಿಯ ತಂಡವೊಂದು, ಸಣ್ಣ ಗಡ್ಡೆಯಿದ್ದು ಅಲ್ಟ್ರಾಸೌಂಡಿನಲ್ಲಿ ಕಂಕುಳು ಶುಭ್ರವಾಗಿ ಕಂಡವರಿಗೆ ಕಾವಲು ಗ್ರಂಥಿಯನ್ನೂ ತೆಗೆಯದೆ ಬಿಡಬಹುದು ಎಂದಿತು.

ಇದು ಸಂತೋಷದ ಸುದ್ದಿ. ತಪಾಸಣೆಗೆ ಮಾತ್ರ ಇದು ಹೊಸ ಪ್ರಶ್ನೆ ತಂದಿತು. ನೂರರಲ್ಲಿ ಐದಾರು ಜನಕ್ಕೆ ಬರುವುದಕ್ಕಾಗಿ ನೂರೂ ಜನರನ್ನು ವರ್ಷಕ್ಕೆ ನಾಲ್ಕು ಸಲ ಕರೆಸಬೇಕೆ? ಬೇಗ ಹಿಡಿದರೆ ನಿಜಕ್ಕೂ ತಡೆಯಬಹುದೇ, ಅಥವಾ ತಾನೇ ಇಳಿಯಬಹುದಾಗಿದ್ದ ಸಣ್ಣ ಬಾವಿಗೆ ಪಟ್ಟಿ ತೊಡಿಸಿ ನಾವೇ ಇಳಿಸಿದೆವು ಎಂದುಕೊಳ್ಳುತ್ತಿದ್ದೇವೆಯೇ? ಬೆಥೆಸ್ಡಾದ ಅಧ್ಯಯನದಲ್ಲಿ ಪಟ್ಟಿ ತೊಡಿಸದೆ ಬಿಟ್ಟ ಹೋಲಿಕೆಯ ಗುಂಪು ಇರಲಿಲ್ಲ. ವಿಮರ್ಶಕರು ಅದನ್ನು ಎತ್ತಿ ತೋರಿಸಿದ್ದು ನ್ಯಾಯವೇ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಶೀಲಾ ರಿಡ್ನರ್ ನೇತೃತ್ವದ ಪ್ರಿವೆಂಟ್ ಪ್ರಯೋಗ ವಿದ್ಯುತ್ ವಿಧಾನವನ್ನೂ ಟೇಪನ್ನೂ ಎದುರುಬದುರಿಟ್ಟಿತು. ಆರಂಭದ ಬಾವು ಕಂಡು ಪಟ್ಟಿ ತೊಟ್ಟವರಲ್ಲಿ, ವಿದ್ಯುತ್ ವಿಧಾನದ ಗುಂಪಿನ 7.9 ಶೇಕಡಾ ಮಂದಿಗೂ ಟೇಪಿನ ಗುಂಪಿನ 19.2 ಶೇಕಡಾ ಮಂದಿಗೂ ಮುಂದೆ ಬಾವು ಖಾಯಂ ಆಯಿತು ಎಂದು 2022ರಲ್ಲಿ ವರದಿಯಾಯಿತು. ಬೇಗ ಹಿಡಿಯಬೇಕು ಎನ್ನುವವರಿಗೆ ಇದು ದೊಡ್ಡ ಬಲ. ಮರುವರ್ಷವೇ ಮ್ಯಾಂಚೆಸ್ಟರ್‌ನ ನೈಜೆಲ್ ಬಂಡ್ರೆಡ್ ತಂಡ, ಸಣ್ಣ ಹೆಚ್ಚಳ ಕಂಡ ಮಹಿಳೆಯರಿಗೆ ತೋಳುಪಟ್ಟಿ ಕೊಟ್ಟೂ ಕೊಡದೆಯೂ ನೋಡಿದ ಪ್ರಯೋಗದಲ್ಲಿ, ಪಟ್ಟಿಯಿಂದ ಲಿಂಫಿಡೀಮಾ ತಡೆಯಲಾಯಿತು ಎಂದು ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ ಎಂದಿತು. ಎರಡೂ ಗಂಭೀರ ಪ್ರಯೋಗಗಳು; ಅಳತೆಯ ಗೆರೆ ಬೇರೆ, ಸಾಧನ ಬೇರೆ. ಆರ್ಮರ್ 2005ರಲ್ಲಿ ತೋರಿಸಿದ ಗೊಂದಲ ಇಲ್ಲಿಯೂ ಬೆನ್ನು ಬಿಟ್ಟಿಲ್ಲ. ತಡೆಯುವ ಬಗ್ಗೆ ಮಾತು ಮುಗಿದಿಲ್ಲ ಎಂಬ ಕಾರಣಕ್ಕೆ ಅಳೆಯುವುದನ್ನೇ ಮುಂದೂಡುವುದು ಮಾತ್ರ ಸರಿಯಾದ ವಾದವಲ್ಲ. ಅಳೆಯದಿದ್ದರೆ ಆ ಮಾತು ಎಂದಿಗೂ ಮುಗಿಯುವುದಿಲ್ಲ.

ಭಾರತದಲ್ಲಿ ಈ ಚರ್ಚೆಯ ನೆಲವೇ ಬೇರೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಇಲ್ಲಿ ಆ ವರ್ಷ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಅವರಲ್ಲಿ ಬಹಳ ಮಂದಿ ಆಸ್ಪತ್ರೆ ತಲುಪುವುದು ಗಡ್ಡೆ ದೊಡ್ಡದಾಗಿ, ಕಂಕುಳಿಗೆ ಇಳಿದ ಮೇಲೆ. ಕಾವಲು ಗ್ರಂಥಿ ಹುಡುಕಲು ಬೇಕಾದ ವಿಕಿರಣ ದ್ರವ್ಯವೂ ಅದನ್ನು ಹಿಡಿಯುವ ಯಂತ್ರವೂ ಎಲ್ಲ ಕಡೆ ಇಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವಾಣಿ ಪರ್ಮಾರ್ ಮತ್ತು ಸಂಗಡಿಗರು, ಯಂತ್ರವಿಲ್ಲದೆ ಕಂಕುಳಿನ ಕೆಳಭಾಗದ ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುವ ವಿಧಾನವನ್ನು ರೂಪಿಸಿದ್ದು ಈ ಕೊರತೆಗೆ ಕೊಟ್ಟ ಜಾಣ ಉತ್ತರ. ಹಾಗಿದ್ದೂ ಕಂಕುಳನ್ನು ಪೂರ್ತಿ ತೆಗೆದು, ಮೇಲೆ ವಿಕಿರಣವನ್ನೂ ಕೊಡಬೇಕಾದವರು ಇಲ್ಲಿ ಹೆಚ್ಚು. ಯುರೋಪಿನಲ್ಲಿ ಅಪಾಯ ಇಳಿಯುತ್ತಿರುವುದರಿಂದ ಎಲ್ಲರನ್ನೂ ಅಳೆಯಬೇಕೆ ಎಂಬ ಪ್ರಶ್ನೆ ಎದ್ದರೆ, ಅಪಾಯ ಹೆಚ್ಚಿರುವ ಇಲ್ಲಿ ಯಾರನ್ನೂ ಅಳೆಯದೆ ಮನೆಗೆ ಕಳಿಸುವುದೇ ಸಾಮಾನ್ಯ.

ರಾಯಚೂರಿನ ಹಳ್ಳಿಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುವ ಮಹಿಳೆಯ ದಾರಿ ನೆನೆದರೆ ತೊಡಕು ತಾನೇ ಸ್ಪಷ್ಟವಾಗುತ್ತದೆ. ಆಪರೇಷನ್‌ಗೆ ಮೊದಲಿನ ದಿನಗಳು ರಕ್ತಪರೀಕ್ಷೆ, ಸ್ಕ್ಯಾನು, ಕಾರ್ಡಿನ ಕಾಗದಪತ್ರದಲ್ಲಿ ಮುಗಿಯುತ್ತವೆ. ಸರ್ಕಾರಿ ಯೋಜನೆಯ ಪ್ಯಾಕೇಜು ಹೆಣೆದಿರುವುದು ಆಪರೇಷನ್, ಕೀಮೋ, ರೇಡಿಯೇಷನ್ ಸುತ್ತ. ಚಿಕಿತ್ಸೆ ಮುಗಿದ ಮೇಲೆ ಆರು ತಿಂಗಳಿಗೊಮ್ಮೆ ಬಂದಾಗ ಡಾಕ್ಟರು ನೋಡುವುದು ಕ್ಯಾನ್ಸರ್ ಮರಳಿದೆಯೇ ಎಂದು. ಹೊರಗೆ ಕಾಯುವ ಸಾಲು ಉದ್ದವಿದೆ. ಬಳೆ ಏರುತ್ತಿಲ್ಲ, ರವಿಕೆಯ ತೋಳು ಹಿಡಿಯುತ್ತಿದೆ ಎಂದು ಆಕೆಗೆ ಎಂದೋ ಗೊತ್ತಾಗಿರುತ್ತದೆ. ಅದು ಡಾಕ್ಟರಿಗೆ ಹೇಳುವಂಥ ವಿಷಯ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಊರಿಗೆ ಹೋದರೆ ಹತ್ತಿ ಬಿಡಿಸಬೇಕು, ಕಳೆ ಕೀಳಬೇಕು. ಬೆರಳಿಗೆ ತರಚು ಗಾಯ ದಿನದ ಮಾತು. ತೋಳುಪಟ್ಟಿ ಸಿಕ್ಕರೂ ರಾಯಚೂರಿನ ಮೇ ತಿಂಗಳಲ್ಲಿ ಅದನ್ನು ದಿನವಿಡೀ ತೊಟ್ಟು ಹೊಲದಲ್ಲಿ ನಿಲ್ಲುವುದು ಸುಲಭವಲ್ಲ. ಬಾಸ್ಟನ್ನಿನ ಕ್ರಮವನ್ನು ಹಾಗೇ ತಂದು ಇಲ್ಲಿ ನೆಡಲಾಗದು.

ಹಾಗೆಂದು ಬಾತ ಅಂಗದ ಆರೈಕೆ ಈ ನಾಡಿಗೆ ಹೊಸ ವಿದ್ಯೆಯಲ್ಲ. ಸೊಳ್ಳೆ ಹರಡುವ ಫೈಲೇರಿಯಾ ಹುಳು ದುಗ್ಧನಾಳಗಳನ್ನು ಕೆಡಿಸಿ ತರುವ ಆನೆಕಾಲು ರೋಗ ಕರಾವಳಿಯಲ್ಲೂ ಕಲ್ಯಾಣ ಕರ್ನಾಟಕದಲ್ಲೂ ತಲೆಮಾರುಗಳಿಂದ ಇದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಚರ್ಮತಜ್ಞ ಎಸ್. ಆರ್. ನರಹರಿ ಮತ್ತು ಸಂಗಡಿಗರು, ಆಕ್ಸ್‌ಫರ್ಡಿನ ಟೆರೆನ್ಸ್ ರಯಾನ್ ಜೊತೆಗೂಡಿ, ಚರ್ಮ ತೊಳೆಯುವುದು, ಆಯುರ್ವೇದದ ತೈಲ, ಯೋಗದ ಉಸಿರು ಮತ್ತು ಚಲನೆ, ಒತ್ತುಪಟ್ಟಿ ಇವನ್ನೆಲ್ಲ ಸೇರಿಸಿ ಮನೆಯಲ್ಲೇ ಮಾಡಿಕೊಳ್ಳಬಹುದಾದ ಚಿಕಿತ್ಸೆ ರೂಪಿಸಿದರು. ಅದನ್ನು ಕೇರಳದ ಆಲಪ್ಪುಳ ಮತ್ತು ನಮ್ಮ ಕಲಬುರಗಿ ಜಿಲ್ಲೆಗಳ ಹಳ್ಳಿಗಳಲ್ಲಿ ಪ್ರಯೋಗಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾವು ಇಳಿದಿತ್ತು, ಸೋಂಕಿನ ಜ್ವರ ಬರುವುದೂ ಕಡಿಮೆಯಾಗಿತ್ತು. ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಟಬ್ಬು, ಮಗ್ಗು, ಸಾಬೂನು, ಟವೆಲು, ಮುಲಾಮು ಕೊಟ್ಟು ಕಾಲು ತೊಳೆದು ಒರೆಸುವ ಕ್ರಮವನ್ನು ಕಲಿಸುವುದೂ ಸೇರಿದೆ.

ಕಲಬುರಗಿಯಲ್ಲಿ ಕಿದ್ವಾಯಿಯ ಕೇಂದ್ರವೂ ಇದೆ. ಕೀಮೋಗೆಂದು ಮೂರು ವಾರಕ್ಕೊಮ್ಮೆ ಬರಲೇಬೇಕಾದ ಮಹಿಳೆಗೆ ಅಳತೆಗಾಗಿ ಬೇರೆ ದಿನ ಗೊತ್ತುಮಾಡಬೇಕಿಲ್ಲ. ಡ್ರಿಪ್ ಹಾಕುವ ಮೊದಲು ನರ್ಸು ಎರಡೂ ತೋಳಿಗೆ ಟೇಪು ಸುತ್ತಿ ಆಪರೇಷನ್‌ಗೆ ಮೊದಲಿನ ಅಂಕಿಯ ಪಕ್ಕದಲ್ಲಿ ಬರೆಯಬಹುದು. ಆಕೆ ಊರಿಗೆ ಮರಳಿದ ಮೇಲಿನ ಮೂರು ವರ್ಷ ಅದೇ ಪುಸ್ತಕವನ್ನು ಆರೋಗ್ಯ ಕೇಂದ್ರದಲ್ಲಿ ಮುಂದುವರಿಸಬಹುದು. ಅಲ್ಲಿ ಫೈಲೇರಿಯಾ ರೋಗಿಗಳ ಪಟ್ಟಿ ಹಿಡಿದು ಮನೆಮನೆಗೆ ಹೋಗಿ, ಕಾಲು ತೊಳೆಯುವುದು ಹೇಗೆ, ಜ್ವರ ಬಂದರೆ ಯಾವಾಗ ಕರೆ ಮಾಡಬೇಕು ಎಂದು ತಿಳಿಸುವ ಕಾರ್ಯಕರ್ತೆ ಇದ್ದಾಳೆ. ಸ್ತನ ಕ್ಯಾನ್ಸರಿನ ಆಪರೇಷನ್ ಆಗಿ ಕೈ ಬಾತಿರುವವಳು ಅದೇ ಬೀದಿಯಲ್ಲಿದ್ದರೂ ಆ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ, ಏಕೆಂದರೆ ಆಕೆಯ ಬಾವಿಗೆ ಹುಳು ಕಾರಣವಲ್ಲ.